ಡಿಕ್ಕಿಯಾದಾಗ ಬೇಬಿ ಸೀಟ್ ಏನು ಮಾಡುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಲ ಏರ್‌ಬ್ಯಾಗ್ ಬಗ್ಗೆ ಬರೆಯುತ್ತಾ ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿದ್ದೆ: ಮನೆಯಲ್ಲಿ ಹಸುಗೂಸಿದ್ದರೆ ಮೊದಲು ಬೇಬಿ ಸೀಟ್ ತನ್ನಿ, ಆಮೇಲೆ ಮ್ಯೂಸಿಕ್ ಸಿಸ್ಟಮ್ ಅಂತ. ಬೇಬಿ ಸೀಟ್ ಅಂದರೆ ಕಾರಿನ ಸೀಟಿನ ಮೇಲೆ ಕಟ್ಟಿ, ಮಗುವನ್ನು ಪಟ್ಟಿಗಳಲ್ಲಿ ಬಿಗಿದು ಕೂರಿಸುವ ಪುಟ್ಟ ಸೀಟು. ಲೇಖನಕ್ಕಿಂತ ಆ ಸಾಲಿಗೇ ಜಾಸ್ತಿ ಪತ್ರ ಬಂದಿವೆ. ಅರ್ಧ ಜನಕ್ಕೆ ಸಿಟ್ಟು, ಅರ್ಧ ಜನಕ್ಕೆ ಗೊಂದಲ. ನಾನು ಡಾಕ್ಟರ್ ಅಲ್ಲ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದವನು, ಎರಡು ಮಕ್ಕಳ ಅಪ್ಪ. ಆ ಲೆಕ್ಕದಲ್ಲಿ ಉತ್ತರ ಓದಿಕೊಳ್ಳಿ.

ನಮ್ಮ ಪಾಪುವಿಗೆ ನಾಲ್ಕು ತಿಂಗಳು, ತೂಕ 6 ಕೆಜಿ. ಹಿಂದಿನ ಸೀಟಿನಲ್ಲಿ ತೊಡೆ ಮೇಲೆ ಮಲಗಿಸಿಕೊಂಡು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಿರುತ್ತೇನೆ. ಇಬ್ಬರಿಗೂ ಸೇರಿಸಿ ಬೆಲ್ಟ್ ಕೂಡ ಹಾಕಿಕೊಳ್ಳುತ್ತೇನೆ. ತಾಯಿ ಮಡಿಲಿಗಿಂತ ಪ್ಲಾಸ್ಟಿಕ್ ಸೀಟು ಹೇಗೆ ಹೆಚ್ಚು ಭದ್ರ? (ಒಬ್ಬ ತಾಯಿ, ಹಾಸನ)

ಮೊದಲು ಒಂದು ಮಾತು. ಇಬ್ಬರಿಗೂ ಸೇರಿಸಿ ಬೆಲ್ಟ್ ಹಾಕುವುದನ್ನು ಇವತ್ತೇ ಬಿಡಿ. ಡಿಕ್ಕಿಯಾದಾಗ ನಿಮ್ಮ ಮೈಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ, ಬೆಲ್ಟ್ ಅಲ್ಲೇ ನಿಲ್ಲುತ್ತದೆ, ನಡುವೆ ಸಿಕ್ಕಿಕೊಳ್ಳುವುದು ಪಾಪು.

ಈಗ ಲೆಕ್ಕಕ್ಕೆ ಬರೋಣ. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಹೆಚ್ಚೇನಲ್ಲ, ಹಾಸನದ ರಿಂಗ್ ರೋಡಿನಲ್ಲಿ ಎಲ್ಲರೂ ಹೋಗುವ ವೇಗ. ಈ ವೇಗದಲ್ಲಿ ಕಾರು ಒಂದು ಗೋಡೆಗೆ ಹೊಡೆಯಿತು ಅಂದುಕೊಳ್ಳಿ. ಮುಂಭಾಗ ಅರ್ಧ ಮೀಟರಿನಷ್ಟು ನಜ್ಜುಗುಜ್ಜಾಗಿ ಕಾರು ನಿಲ್ಲುತ್ತದೆ. ಅದಕ್ಕೆ ಹಿಡಿಯುವ ಹೊತ್ತು 0.07 ಸೆಕೆಂಡ್. ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು. ಆ ಹೊತ್ತಿನಲ್ಲಿ ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಜೋರಿನಲ್ಲಿ ಮುಂದಕ್ಕೆ ಎಳೆಯುತ್ತದೆ. 6 ಕೆಜಿ ಪಾಪು 120 ಕೆಜಿ ಆಗುತ್ತದೆ. ಎರಡು ಸಿಮೆಂಟ್ ಮೂಟೆಗಿಂತ ಭಾರ, ಅದೂ ಯಾರೋ ಥಟ್ಟನೆ ಕಿತ್ತುಕೊಂಡ ಹಾಗೆ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ, ಆದರೆ ಅಷ್ಟು ಭಾರ ಹಿಡಿಯುವ ಕೈ ಪೈಲ್ವಾನನಿಗೂ ಇಲ್ಲ.

ನನ್ನ ಮನೆಯದೇ ಒಂದು ಪ್ರಸಂಗ ಹೇಳುತ್ತೇನೆ. ಕುಣಿಗಲ್ ಹತ್ತಿರ ರಸ್ತೆ ಬದಿಯಲ್ಲಿ ಒಂದು ಹಲಸಿನ ಹಣ್ಣು ತಗೊಂಡೆವು. ಹಿಂದೆಲ್ಲ ಸಾಮಾನು ತುಂಬಿತ್ತು ಅಂತ ಹೆಂಡತಿ ಅದನ್ನು ಗೋಣಿಚೀಲದ ಸಮೇತ ತೊಡೆ ಮೇಲಿಟ್ಟುಕೊಂಡು ತಬ್ಬಿಕೊಂಡು ಕೂತಿದ್ದಳು. ಒಂದು ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದೆ. ನಾಯಿ ಉಳಿಯಿತು. ಹಣ್ಣು ಅವಳ ಕೈಯಿಂದ ಜಾರಿ ಡ್ಯಾಶ್‌ಬೋರ್ಡಿಗೆ ಹೊಡೆದು, ಗ್ಲವ್ ಬಾಕ್ಸಿನ ಬಾಗಿಲು ಸೀಳಿತು. "ನಾನು ಹಿಡಿದೇ ಇದ್ದೆ" ಅಂತ ಅವಳು ಇವತ್ತಿಗೂ ಹೇಳುತ್ತಾಳೆ. ನಿಜ, ಹಿಡಿದೇ ಇದ್ದಳು. ಅದು ಬರೀ ಬ್ರೇಕ್. ಬ್ರೇಕಿನಲ್ಲಿ ಹೆಚ್ಚೆಂದರೆ ಹಣ್ಣಿನ ತೂಕದಷ್ಟೇ ಸೆಳೆತ ಬರುತ್ತದೆ. ಡಿಕ್ಕಿಯಲ್ಲಿ ಅದರ ಇಪ್ಪತ್ತು ಪಟ್ಟು.

ಸೀಟು ಮಾಡುವ ಕೆಲಸ ಇಷ್ಟೇ: ಕಾರಿಗೆ ನಿಲ್ಲೋಕೆ ಸಿಕ್ಕ ಆ ಅರ್ಧ ಮೀಟರನ್ನು ಮಗುವಿಗೂ ದಕ್ಕಿಸುತ್ತದೆ. ಕಾರಿಗೆ ಸೀಟು ಬಿಗಿಯಾಗಿರುತ್ತದೆ, ಸೀಟಿಗೆ ಮಗು ಬಿಗಿಯಾಗಿರುತ್ತದೆ, ಹಾಗಾಗಿ ಕಾರಿನ ವೇಗ ಇಳಿದ ಹಾಗೆ ಮಗುವಿನದೂ ಇಳಿಯುತ್ತದೆ. ತೊಡೆ ಮೇಲಿನ ಮಗುವಿಗೆ ಆ ಭಾಗ್ಯ ಇಲ್ಲ. ಕಾರು ನಿಂತರೂ ಅದು 50ರ ವೇಗದಲ್ಲೇ ಹಾರಿ ಮುಂದಿನ ಸೀಟಿನ ಬೆನ್ನಿಗೆ ಬಡಿದು, ನಾಲ್ಕೈದು ಸೆಂಟಿಮೀಟರಿನಲ್ಲಿ ನಿಲ್ಲುತ್ತದೆ. ನಿಲ್ಲುವ ದೂರ ಹತ್ತನೇ ಒಂದು ಭಾಗಕ್ಕೆ ಇಳಿದರೆ ಪೆಟ್ಟು ಹತ್ತು ಪಟ್ಟು. ಮುಂದಿನ ಎಲ್ಲ ಪ್ರಶ್ನೆಗೂ ಈ ಅರ್ಧ ಮೀಟರನ್ನು ನೆನಪಿಟ್ಟುಕೊಳ್ಳಿ, ನಾನು ಮತ್ತೆ ಮತ್ತೆ ಅಲ್ಲಿಗೇ ಬರುತ್ತೇನೆ.

ಅಂದ ಹಾಗೆ ಈ ಮಡಿಲಿನ ನಂಬಿಕೆ ನಮ್ಮದು ಮಾತ್ರ ಅಲ್ಲ. ಅಮೆರಿಕದಲ್ಲಿ ಮಕ್ಕಳ ಸೀಟು ಕಡ್ಡಾಯ ಮಾಡಿದ ಮೊದಲ ರಾಜ್ಯ ಟೆನೆಸ್ಸಿ. 1978ರಲ್ಲಿ ಜಾರಿಗೆ ಬಂದ ಆ ಕಾನೂನಿನಲ್ಲೂ "ದೊಡ್ಡವರ ತೋಳಲ್ಲಿರುವ ಕೂಸಿಗೆ ಬೇಡ" ಅಂತ ಒಂದು ವಿನಾಯಿತಿ ತುರುಕಿದ್ದರು. ವಿರೋಧಿಸಿದವರು ಅದಕ್ಕೆ ಇಟ್ಟ ಹೆಸರು "ಮಗು ಜಜ್ಜುವ ತಿದ್ದುಪಡಿ". 1981ರಲ್ಲಿ ಅದನ್ನು ತೆಗೆದುಹಾಕಿದರು.

ಮಗನಿಗೆ ಏಳು ತಿಂಗಳು. ಚೆನ್ನಾಗಿ ಕೂರುತ್ತಾನೆ. ಸೀಟು ಹಿಂದಕ್ಕೆ ಮುಖ ಮಾಡಿರುವುದರಿಂದ ಏನೂ ಕಾಣದೆ ಅಳುತ್ತಾನೆ, ಕಾಲೂ ಮಡಚಿಕೊಂಡಿರುತ್ತದೆ. ಮುಂದಕ್ಕೆ ತಿರುಗಿಸಬಹುದಾ? ಹಿಂದಿನಿಂದ ಲಾರಿ ಗುದ್ದಿದರೆ ಏನು ಗತಿ? (ದಾವಣಗೆರೆಯ ಓದುಗರು)

ತಿರುಗಿಸಬೇಡಿ. ಕೂರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಕುತ್ತಿಗೆಯ ವಿಷಯ.

ಹುಟ್ಟಿದ ಮಗುವಿನ ಮೈ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ನಮಗೆ ಏಳೋ ಎಂಟೋ ಭಾಗದಲ್ಲಿ ಒಂದು. ಅಷ್ಟು ದೊಡ್ಡ ತಲೆಯನ್ನು ಹೊತ್ತ ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಮೂಳೆಯಾಗಿಲ್ಲ. ತುಂಡುತುಂಡಾಗಿದ್ದು ನಡುವೆ ಮೃದ್ವಸ್ಥಿ ಇರುತ್ತದೆ, ಕಿವಿಯ ಮೇಲಿನ ತುದಿ ಮುಟ್ಟಿ ನೋಡಿಕೊಳ್ಳಿ, ಆ ತರಹದ್ದು. ಕಟ್ಟುವ ನಾರುಗಳೂ ಸಡಿಲ. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಪಟ್ಟಿಗಳು ಹೆಗಲನ್ನು ಹಿಡಿಯುತ್ತವೆ, ತಲೆಯನ್ನು ಹಿಡಿಯುವವರು ಯಾರೂ ಇಲ್ಲ. ಅದು ಮುಂದಕ್ಕೆ ಹಾರುತ್ತದೆ, ಕುತ್ತಿಗೆ ಹಿಗ್ಗುತ್ತದೆ. ಮೂಳೆ ಹಿಗ್ಗಿದಷ್ಟು ಒಳಗಿನ ಬೆನ್ನುಹುರಿ ಹಿಗ್ಗುವುದಿಲ್ಲ. ಮೈಮೇಲೆ ಒಂದು ಗಾಯವೂ ಇಲ್ಲದೆ ದೊಡ್ಡ ಅನಾಹುತ ಆಗುವುದು ಹೀಗೆ.

ಹಿಂದಕ್ಕೆ ಮುಖ ಮಾಡಿದಾಗ ಅದೇ ಡಿಕ್ಕಿಯಲ್ಲಿ ಮಗು ಸೀಟಿನ ಬೆನ್ನಿನೊಳಕ್ಕೆ ಒತ್ತಿಕೊಳ್ಳುತ್ತದೆ. ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ನಿಲ್ಲುತ್ತವೆ. ಎಳೆಗೂಸನ್ನು ಸ್ನಾನ ಮಾಡಿಸುವಾಗ ಅಜ್ಜಿಯರು ತಲೆಯಡಿ ಅಂಗೈ, ಬೆನ್ನಡಿ ಮುಂಗೈ ಕೊಡುತ್ತಾರಲ್ಲ, ಹಾಗೆ. ಎರಡು ಪಟ್ಟಿಯ ಮೇಲೆ ಬೀಳುವ ಭಾರ ಇಡೀ ಬೆನ್ನಿಗೆ ಹರಡಿಕೊಳ್ಳುತ್ತದೆ.

ಇದನ್ನು ಕಂಡುಹಿಡಿದ ಕಥೆ ಚೆನ್ನಾಗಿದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅನ್ನುವ ಪ್ರೊಫೆಸರ್, ಅಮೆರಿಕದ ಜೆಮಿನಿ ಗಗನಯಾನಿಗಳು ರಾಕೆಟ್ ಏರುವಾಗ ಬೆನ್ನ ಮೇಲೆ ಮಲಗಿರುವುದನ್ನು ನೋಡಿದರು. ಏರುವಾಗಿನ ಒತ್ತಡ ಬೆನ್ನಿಗೆ ಹರಡಲಿ ಅಂತ ಹಾಗೆ ಮಲಗಿಸುತ್ತಿದ್ದರು. ಅದನ್ನೇ ಮಗುವಿಗೆ ಮಾಡಿದರೆ ಹೇಗೆ ಅಂತ ಯೋಚಿಸಿ 1964ರಲ್ಲಿ ವೋಲ್ವೋ ಕಾರಿನಲ್ಲಿ ಹಿಂದುಮುಖದ ಮೊದಲ ಸೀಟನ್ನು ಪರೀಕ್ಷೆ ಮಾಡಿದರು. ನಿಮ್ಮ ಮಗ ಗಗನಯಾನಿ ತರಹ ಕೂತಿದ್ದಾನೆ ಅಂದುಕೊಳ್ಳಿ.

ಕಾಲಿನ ಚಿಂತೆ ಬಿಡಿ. ಮಕ್ಕಳು ಮನೆಯಲ್ಲೂ ಚಕ್ಕಳಮಕ್ಕಳ ಹಾಕಿಕೊಂಡೇ ಕೂರುತ್ತಾರೆ, ಯಾರೂ ಅವರಿಗೆ ಮಂಡಿ ನೋವಾ ಅಂತ ಕೇಳುವುದಿಲ್ಲ. ಸೀಟು ಚಿಕ್ಕದಾಯಿತಾ ಅಂತ ತಿಳಿಯಲು ನೋಡಬೇಕಾದ್ದು ತಲೆಯನ್ನು. ನೆತ್ತಿಗೂ ಸೀಟಿನ ಮೇಲಂಚಿಗೂ ಎರಡು ಬೆರಳು ಜಾಗ ಉಳಿದಿಲ್ಲ ಅಂದರೆ, ಅಥವಾ ಸೀಟಿನ ಮೇಲೆ ಬರೆದ ತೂಕ ಮುಟ್ಟಿದರೆ, ಹಿಂದುಮುಖದ ದೊಡ್ಡ ಸೀಟು ತನ್ನಿ. ಯುರೋಪಿನ ಹೊಸ ನಿಯಮ ಆರ್129, ಐ-ಸೈಜ್ ಅಂತಲೂ ಕರೆಯುತ್ತಾರೆ, 15 ತಿಂಗಳು ದಾಟುವವರೆಗೆ ತಿರುಗಿಸಲೇಬಾರದು ಅನ್ನುತ್ತದೆ. ಅದು ಕನಿಷ್ಠ. ಅಮೆರಿಕದ ಮಕ್ಕಳ ವೈದ್ಯರ ಸಂಘ ಸೀಟು ಎಲ್ಲಿವರೆಗೆ ಬಿಡುತ್ತದೋ ಅಲ್ಲಿವರೆಗೂ ಹಿಂದಕ್ಕೇ ಇರಲಿ ಅನ್ನುತ್ತದೆ. ನಾನು ನನ್ನ ಎರಡನೇ ಮಗಳನ್ನು ಮೂರು ವರ್ಷದವರೆಗೂ ತಿರುಗಿಸಲಿಲ್ಲ.

ಲಾರಿಯ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹಿಂದಿನಿಂದ ಬರುವ ಲಾರಿ 60ರಲ್ಲಿದ್ದು ನೀವು 40ರಲ್ಲಿದ್ದರೆ ವ್ಯತ್ಯಾಸ 20 ಮಾತ್ರ. ಎದುರಿನಿಂದ ಬಂದರೆ ಎರಡೂ ವೇಗ ಕೂಡುತ್ತದೆ. ಜೀವಕ್ಕೆ ಹೆಚ್ಚು ಅಪಾಯ ಎದುರಿನ ಡಿಕ್ಕಿಯಲ್ಲೇ, ಸೀಟಿನ ದಿಕ್ಕು ಅದನ್ನು ನೋಡಿಯೇ ಇಟ್ಟಿದ್ದು. ಹಿಂದಿನಿಂದ ಗುದ್ದಿದರೂ ಪಟ್ಟಿಗಳು, ಸೀಟಿನಲ್ಲಿ ಮಗುವಿನ ಕಾಲ ಬಳಿ ಅಡ್ಡ ಕಂಬಿ ಇದ್ದರೆ ಅದೂ, ಸೀಟು ಮಗುಚದಂತೆ ತಡೆಯುತ್ತವೆ.

ಅಳುವಿಗೆ ಮದ್ದು ನನ್ನ ಹತ್ತಿರ ಇಲ್ಲ. ಕಿಟಕಿಗೆ ಬಿಸಿಲು ಪರದೆ ಹಾಕಿ, ಪಕ್ಕದಲ್ಲಿ ಯಾರಾದರೂ ಕೂತು ಹಾಡಿ. ನನ್ನ ಮಗಳು ಮೊದಲ ಎರಡು ವಾರ ಅತ್ತಳು, ಆಮೇಲೆ ಸೀಟಿಗೆ ಹಾಕಿದ ಕೂಡಲೇ ನಿದ್ದೆ.

ಮುಂದಿನ ಸೀಟಿನಲ್ಲಿ ಇಟ್ಟರೆ ಓಡಿಸುತ್ತಾ ನೋಡಿಕೊಳ್ಳಬಹುದು, ಅಲ್ವಾ? (ಬೆಂಗಳೂರು)

ಬೇಡ. ಹಿಂದುಮುಖದ ಸೀಟು ಮುಂದಿಟ್ಟರೆ ಮಗುವಿನ ತಲೆಯ ಹಿಂಬದಿ ಡ್ಯಾಶ್‌ಬೋರ್ಡಿಗೆ ಅಂಟಿದಂತೆ ಇರುತ್ತದೆ. ಏರ್‌ಬ್ಯಾಗ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ಸಿಡಿದು, ಸರಿಯಾಗಿ ಅದೇ ಜಾಗಕ್ಕೆ ಹೊಡೆಯುತ್ತದೆ. ನಮ್ಮನ್ನು ಉಳಿಸುವ ಚೀಲ ಮಗುವಿಗೆ ಸುತ್ತಿಗೆ. ಬಿಸಿಲು ಮರೆಯ ಹಲಗೆ ಇಳಿಸಿ ನೋಡಿ, ಮಗುವಿನ ಚಿತ್ರಕ್ಕೆ ಕೆಂಪು ಗೀಟು ಎಳೆದ ಸ್ಟಿಕ್ಕರ್ ಇರುತ್ತದೆ. ಬೇರೆ ದಾರಿಯೇ ಇಲ್ಲ, ಹಿಂದೆ ಸೀಟೇ ಇಲ್ಲದ ಗಾಡಿ ಅಂದರೆ, ಏರ್‌ಬ್ಯಾಗ್ ಆಫ್ ಮಾಡುವ ಕೀಲಿ ಇದ್ದರಷ್ಟೇ.

ಮತ್ತೆ, ಓಡಿಸುವಾಗ ನೀವು ರಸ್ತೆ ನೋಡಿ ಸ್ವಾಮಿ.

ಐಸೊಫಿಕ್ಸ್ ಇರುವ ಸೀಟು ತಗೊಳ್ಳಬೇಕಾ, ಬೆಲ್ಟಿನಲ್ಲಿ ಕಟ್ಟುವುದು ಸಾಕಾ? ಅಂಗಡಿಯವರು ಹಾಕಿಕೊಟ್ಟಿದ್ದಾರೆ. ಸರಿಯಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? (ಹುಬ್ಬಳ್ಳಿ)

ಸರಿಯಾಗಿ ಕಟ್ಟಿದರೆ ಎರಡೂ ಒಳ್ಳೆಯವೇ. ಐಸೊಫಿಕ್ಸ್ ಅಂದರೆ ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಮೆತ್ತೆ ಸೇರುವ ಸಂದಿಯಲ್ಲಿ ಕಾರಿನ ಮೈಗೇ ಬೆಸೆದ ಎರಡು ಕಬ್ಬಿಣದ ಬಳೆಗಳು. ಸೀಟಿನ ಕೊಕ್ಕೆ ಅದಕ್ಕೆ ಟಕ್ ಅಂತ ಕೂರುತ್ತದೆ, ಹಸಿರು ಗುರುತು ಕಾಣುತ್ತದೆ, ಮುಗಿಯಿತು. ತಪ್ಪಾಗುವ ಅವಕಾಶ ಕಡಿಮೆ ಅನ್ನುವುದೇ ಇದರ ದೊಡ್ಡ ಗುಣ. ಆದರೆ ಎರಡೇ ಬಿಂದುವಿನಲ್ಲಿ ಹಿಡಿದ ಸೀಟು ಡಿಕ್ಕಿಯಲ್ಲಿ ಮುಂದಕ್ಕೆ ಮಗುಚಲು ನೋಡುತ್ತದೆ. ಅದಕ್ಕೇ ಮೂರನೆಯ ಆಸರೆ ಬೇಕು: ಕಾರಿನ ನೆಲಕ್ಕೆ ಊರುವ ಒಂದು ಕಾಲು, ಇಲ್ಲವೇ ಸೀಟಿನ ತಲೆಯಿಂದ ಹಿಂದಕ್ಕೆ ಹೋಗುವ ಮೇಲುಪಟ್ಟಿ. ಊರುಗಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ಸುಮ್ನೆ ಅಲಂಕಾರ.

ಈಗ ಒಂದು ದೃಶ್ಯ. ತುಮಕೂರಿನಲ್ಲಿ ನಂಟರ ಮನೆ ನಾಮಕರಣ. ಊಟ ಆದ ಮೇಲೆ ಮಗುವಿನ ಅಪ್ಪ, "ಅಣ್ಣ, ಸೀಟು ಹಾಕಿಸಿದ್ದೀನಿ, ನೋಡಿ" ಅಂತ ಹೆಮ್ಮೆಯಿಂದ ಕರೆದುಕೊಂಡು ಹೋದ. ಒಳ್ಳೆ ಸೀಟೇ. ಬೆಲ್ಟ್ ಹಾಯುವ ಜಾಗದಲ್ಲಿ ಕೈಯಿಟ್ಟು ಪಕ್ಕಕ್ಕೆ ಅಲ್ಲಾಡಿಸಿದೆ. ಒಂದು ಗೇಣು ಸರಿಯಿತು. ಕಾರಿನ ಬೆಲ್ಟ್ ನೀಲಿ ಗೆರೆಯ ದಾರಿ ಬಿಟ್ಟು ಕೆಂಪು ಗೆರೆಯ ದಾರಿಯಲ್ಲಿ ಹೋಗಿತ್ತು. ಎರಡೂ ದಿಕ್ಕಿಗೆ ಕೂರಿಸಬಹುದಾದ ಸೀಟು ಅದು. ನೀಲಿ ಹಿಂದುಮುಖಕ್ಕೆ, ಕೆಂಪು ಮುಂದುಮುಖಕ್ಕೆ. ಹೆಗಲ ಪಟ್ಟಿ ಒಂದು ಕಡೆ ಹಗ್ಗದ ಹಾಗೆ ತಿರುಚಿಕೊಂಡಿತ್ತು. ತಿರುಚಿದ ಪಟ್ಟಿ ಅಗಲವಾಗಿ ಹಿಡಿಯುವುದಿಲ್ಲ, ದಾರದ ಹಾಗೆ ಒಂದೇ ಕಡೆ ಕೊರೆಯುತ್ತದೆ. ಎಲ್ಲ ಬಿಚ್ಚಿದೆವು. ಬೆಲ್ಟನ್ನು ನೀಲಿ ದಾರಿಯಲ್ಲಿ ಹಾಯಿಸಿ, ಅವನಿಗೆ ಸೀಟಿನ ಮೇಲೆ ಕೈಯೂರಿ ಮೈಭಾರ ಬಿಡಲು ಹೇಳಿದೆ. ಮೆತ್ತೆ ತಗ್ಗಿದಾಗ ಬೆಲ್ಟನ್ನು ನಾನು ಎಳೆದೆ. ಮತ್ತೆ ಒತ್ತು, ಮತ್ತೆ ಎಳೆ. ಬಿಳಿ ಪಂಚೆ ಉಟ್ಟಿದ್ದ ಅವನು ಬೆವತುಹೋದ. ಈಗ ಅಲ್ಲಾಡಿಸಿದರೆ ಸೀಟಿನ ಜೊತೆ ಇಡೀ ಕಾರು ಅಲ್ಲಾಡಿತು. ಹಾಗಿರಬೇಕು. ಬೆಲ್ಟ್ ಹಾಯುವ ಜಾಗದಲ್ಲಿ ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ತಲೆಯ ಕಡೆ ಹಿಡಿದು ಅಲ್ಲಾಡಿಸಬೇಡಿ, ಹಿಂದುಮುಖದ ಸೀಟು ಅಲ್ಲಿ ಸ್ವಲ್ಪ ಅಲ್ಲಾಡುವುದು ಸಹಜ.

ಒಂದು ಗೇಣು ಸಡಿಲ ಅಂದರೆ ಏನರ್ಥ? ಕಾರಿಗೆ ಸಿಕ್ಕ ಅರ್ಧ ಮೀಟರಿನಲ್ಲಿ ಒಂದು ಗೇಣನ್ನು ಮಗು ಸುಮ್ನೆ ಕಳೆದುಕೊಂಡಿತು ಅಂತ. ಆ ಗೇಣು ಮುಗಿಯುವವರೆಗೆ ಮಗು ಪೂರ್ತಿ ವೇಗದಲ್ಲೇ ಹೋಗುತ್ತಿರುತ್ತದೆ, ಆಮೇಲೆ ಉಳಿದದ್ದರಲ್ಲಿ ನಿಲ್ಲಬೇಕು.

ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ. ನನ್ನ ಮೊದಲ ಮಗಳ ಸೀಟನ್ನು ನಾನೇ ಮೂರು ತಿಂಗಳು ತಪ್ಪಾಗಿ ಕಟ್ಟಿಕೊಂಡು ತಿರುಗಿದ್ದೇನೆ, ಅದೂ ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡುತ್ತಾ. ಕೈಪಿಡಿ ಓದಿರಲಿಲ್ಲ. ಓದಿ.

ಪಟ್ಟಿ ಅಷ್ಟು ಬಿಗಿದರೆ ಕೂಸಿನ ಎದೆ ನೋಯುವುದಿಲ್ಲವೇ? ನಾವು ಬಾಣಂತಿ ಮನೆಯಿಂದ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಸ್ವೆಟರ್, ಕುಲಾವಿ ಹಾಕಿಯೇ ಹೊರಗೆ ತರುವುದು. ಸೊಸೆ ಎಲ್ಲ ಬಿಚ್ಚಿಸುತ್ತಾಳೆ. (ಒಬ್ಬ ಅಜ್ಜಿ, ಉಡುಪಿ)

ಅಜ್ಜಿ, ಈ ಸಲ ಸೊಸೆ ಗೆದ್ದಳು.

ಈ ಸೀಟುಗಳಲ್ಲಿ ಸಾಮಾನ್ಯವಾಗಿ ಐದು ಕಡೆ ಹಿಡಿತ: ಎರಡು ಹೆಗಲು, ಎರಡು ಸೊಂಟ, ಕಾಲ ನಡುವೆ ಒಂದು. ಮಗುವಿನ ಮೈಯಲ್ಲಿ ಗಟ್ಟಿ ಇರುವುದು ಹೆಗಲು ಮತ್ತು ಸೊಂಟದ ಮೂಳೆ, ಹೊಟ್ಟೆ ಮೆತ್ತಗೆ. ಪಟ್ಟಿಗಳು ಗಟ್ಟಿ ಜಾಗ ಹಿಡಿದು ಮೆತ್ತನೆ ಜಾಗ ಬಿಡುತ್ತವೆ. ಕಾಲ ನಡುವಿನದು ಮಗು ಕೆಳಕ್ಕೆ ಜಾರದಂತೆ ತಡೆಯುತ್ತದೆ. ಬಟ್ಟೆಯಲ್ಲಿ ಸುತ್ತಿಬಿಟ್ಟರೆ ಕಾಲ ನಡುವೆ ಪಟ್ಟಿ ಹಾಯಿಸುವುದೇ ಆಗದಲ್ಲ. ಇನ್ನು ದಪ್ಪ ಸ್ವೆಟರ್ ಮೇಲೆ ಬಿಗಿದರೆ ನಾವು ಬಿಗಿದದ್ದು ಉಣ್ಣೆಯನ್ನು. ಡಿಕ್ಕಿಯಲ್ಲಿ ಉಣ್ಣೆ ಅಮುಕಿ ಪಟ್ಟಿ ಸಡಿಲವಾಗುತ್ತದೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ: ಸ್ವೆಟರ್ ಹಾಕಿ ಪಟ್ಟಿ ಬಿಗಿಯಿರಿ, ಪಟ್ಟಿಯ ಉದ್ದ ಬದಲಿಸದೆ ಮಗುವನ್ನು ತೆಗೆದು, ಸ್ವೆಟರ್ ಬಿಚ್ಚಿ ಮತ್ತೆ ಕೂರಿಸಿ. ಎಷ್ಟು ಜೋಲು ಬಿದ್ದಿದೆ ಅಂತ ನೀವೇ ನೋಡುತ್ತೀರಿ.

ತೆಳು ಹತ್ತಿ ಬಟ್ಟೆ ಹಾಕಿ, ಪಟ್ಟಿ ಬಿಗಿಯಿರಿ, ಆಮೇಲೆ ಮೇಲಿನಿಂದ ನಿಮ್ಮ ಕೌದಿ ಹೊದಿಸಿ. ಮುಖ ಮುಚ್ಚಬೇಡಿ. ಬಿಗಿ ಎಷ್ಟಿರಬೇಕು ಅಂದರೆ ಹೆಗಲ ಮೂಳೆಯ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ನೋಡಿ. ಚಿವುಟಲು ಪಟ್ಟಿ ಸಿಕ್ಕಿದರೆ ಇನ್ನೂ ಬಿಗಿಯಬೇಕು, ಜಾರಿದರೆ ಸಾಕು. ಹಿಂದುಮುಖದ ಸೀಟಿನಲ್ಲಿ ಪಟ್ಟಿ ಹೊರಬರುವ ಕಂಡಿ ಮಗುವಿನ ಹೆಗಲಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು. ಎದೆ ನೋಯುವುದಿಲ್ಲ. ನೀವು ತೊಟ್ಟಿಲಲ್ಲಿ ಬಟ್ಟೆ ಸುತ್ತಿ ಮಲಗಿಸುವಾಗ ಎಷ್ಟು ಬಿಗಿಯುತ್ತೀರಿ, ನೆನಪಿಸಿಕೊಳ್ಳಿ!

ಕುಲಾವಿ ತೆಳ್ಳಗಿದ್ದರೆ ಇರಲಿ. ನಿಮ್ಮದೂ ಒಂದು ಮಾತು ನಡೆಯಲಿ.

ಅಮೆರಿಕದಲ್ಲಿರುವ ಭಾವ ತಮ್ಮ ಮಗಳ ಸೀಟು ತಂದುಕೊಟ್ಟಿದ್ದಾರೆ. ಒಳ್ಳೆ ಬ್ರ್ಯಾಂಡ್, ಹೊಸದರಂತೆ ಇದೆ. ಬಳಸಬಹುದಾ? (ಮೈಸೂರು)

ಮೂರು ಪ್ರಶ್ನೆ ಕೇಳಿ. ಆ ಸೀಟು ಎಂದಾದರೂ ಅಪಘಾತ ಕಂಡಿದೆಯಾ? ಕಂಡಿದ್ದರೆ ಬಿಸಾಡಿ, ಬಿರುಕು ಕಣ್ಣಿಗೆ ಕಾಣಬೇಕಾಗಿಲ್ಲ. ಸೀಟಿನ ಒಳಗೆ ತಲೆಯ ಸುತ್ತ ಇರುವ ಬಿಳಿ ಅಥವಾ ಕಪ್ಪು ಫೋಮ್ ಹೆಚ್ಚಾಗಿ ನಮ್ಮ ಥರ್ಮೊಕೋಲ್ ಜಾತಿಯದೇ, ಹೆಲ್ಮೆಟ್ ಒಳಗಿರುವಂಥದ್ದು. ತಾನು ಜಜ್ಜಿಕೊಂಡು ಪೆಟ್ಟು ನುಂಗುವುದೇ ಅದರ ಕೆಲಸ. ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ. (ನನ್ನ ಗೆಳೆಯನೊಬ್ಬ ಹೊಸ ಸೀಟಿನ ಥರ್ಮೊಕೋಲನ್ನು ಪ್ಯಾಕಿಂಗ್ ಅಂದುಕೊಂಡು ಕಿತ್ತು ಬಿಸಾಡಲು ಹೊರಟಿದ್ದ. ಕಸದ ಗಾಡಿ ಬರುವುದರೊಳಗೆ ನಾನು ಹೋದೆ, ಬಚಾವ್.) ಎರಡನೆಯದು, ವಯಸ್ಸು. ಸೀಟಿನ ಅಡಿಯಲ್ಲಿ ತಯಾರಾದ ದಿನ, ಎಷ್ಟು ವರ್ಷ ಬಳಸಬಹುದು ಅಂತ ಇರುತ್ತದೆ, ಸಾಮಾನ್ಯವಾಗಿ 6ರಿಂದ 10 ವರ್ಷ. ಬಿಸಿಲಲ್ಲಿ ನಿಂತ ಕಾರಿನೊಳಗೆ ಪ್ಲಾಸ್ಟಿಕ್ ಬೇಯುತ್ತಲೇ ಇರುತ್ತದೆ. ಮೂರನೆಯದು ಈ ಅಮೆರಿಕದ ಸೀಟಿನದ್ದೇ ತೊಡಕು. ಅಲ್ಲಿನ ಕಾರುಗಳಲ್ಲಿ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಬಿಟ್ಟರೆ ಅದು ಲಾಕ್ ಆಗಿ ಬಿಗಿಯಾಗೇ ಉಳಿಯುತ್ತದೆ, ಸೀಟುಗಳೂ ಅದನ್ನು ನಂಬಿಕೊಂಡಿರುತ್ತವೆ. ನಮ್ಮ ಬಹುತೇಕ ಕಾರುಗಳ ಬೆಲ್ಟಿಗೆ ಆ ಲಾಕ್ ಇಲ್ಲ, ಜರ್ಕ್ ಬಂದಾಗ ಮಾತ್ರ ಹಿಡಿಯುತ್ತದೆ. ನಿಮ್ಮ ಸೀಟಿನಲ್ಲೇ ಬೆಲ್ಟ್ ಕಚ್ಚಿ ಹಿಡಿಯುವ ಕ್ಲಿಪ್ ಇದ್ದರೆ ಸರಿ. ಇಲ್ಲದಿದ್ದರೆ ಎಷ್ಟು ಬಿಗಿದರೂ ದಿನ ಕಳೆದ ಹಾಗೆ ಸಡಿಲ. ಇನ್ನೊಂದು, ನಮ್ಮ ದೇಶದ ಮಾನದಂಡ ಎಐಎಸ್-072 ಯುರೋಪಿನ ದಾರಿಯಲ್ಲಿದೆ, ಅಮೆರಿಕದ್ದು ಬೇರೆ.

ಅಪಘಾತದ ಬಗ್ಗೆ ಭಾವ ಸುಳ್ಳು ಹೇಳಲಾರರು ಅಂತಿಟ್ಟುಕೊಳ್ಳೋಣ. ಓಎಲ್‌ಎಕ್ಸ್‌ನಲ್ಲಿ ಸಿಕ್ಕವರ ಮಾತನ್ನು ಮಾತ್ರ ನಂಬಬೇಡಿ.

ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಬಟ್ಟೆಯ "ಕಾರ್ ಸೀಟ್" ಸಿಗುತ್ತದೆ. ಸಾವಿರಾರು ರೂಪಾಯಿ ಯಾಕೆ ಕೊಡಬೇಕು? (ರಾಯಚೂರು)

ಅದು ಸೀಟಲ್ಲ, ಪಟ್ಟಿ ಹೊಲಿದ ದಿಂಬು. ಗಟ್ಟಿ ಚಿಪ್ಪಿಲ್ಲ, ಪಕ್ಕದಿಂದ ಹೊಡೆದರೆ ತಲೆ ಕಾಯುವ ರೆಕ್ಕೆಗಳಿಲ್ಲ, ಫೋಮ್ ಇಲ್ಲ. ಪಕ್ಕದ ಬಾಗಿಲಿಗೆ ಡಿಕ್ಕಿಯಾದಾಗ ಮುಂಭಾಗದ ಹಾಗೆ ಅರ್ಧ ಮೀಟರ್ ಜಜ್ಜಲು ಜಾಗವೇ ಇರುವುದಿಲ್ಲ, ಆಗ ಮಗುವಿಗೂ ಬಾಗಿಲಿಗೂ ನಡುವೆ ಇರುವುದು ಆ ರೆಕ್ಕೆ ಮಾತ್ರ. ತೂಗುವ ತೊಟ್ಟಿಲೂ ಹೌದು, ಕಾರ್ ಸೀಟೂ ಹೌದು ಅಂತ ಮಾರುವ ಬುಟ್ಟಿಗಳನ್ನೂ ತಿರುಗಿಸಿ ನೋಡಿ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ, ಆರ್44 (ಯುರೋಪಿನ ಹಳೆಯ ನಿಯಮ) ಅಥವಾ ಆರ್129 ಅಂತ ಬರೆದ ಕಿತ್ತಳೆ ಬಣ್ಣದ ಚೀಟಿ, ಇಲ್ಲವೇ ಎಐಎಸ್-072 ಗುರುತು ಇರಬೇಕು. ಎರಡೂ ಇಲ್ಲದಿದ್ದರೆ ಮನೆಯಲ್ಲಿ ತೂಗಲು ಇಟ್ಟುಕೊಳ್ಳಿ.

ಬೆಲೆ ಜಾಸ್ತಿಯಾದಷ್ಟೂ ಸುರಕ್ಷೆ ಜಾಸ್ತಿ ಅಂತೇನೂ ಅಲ್ಲ. ಗುರುತಿರುವ ಸಾಧಾರಣ ಸೀಟನ್ನು ಬಿಗಿಯಾಗಿ ಕಟ್ಟಿದರೆ, ಸಡಿಲ ಕಟ್ಟಿದ ದುಬಾರಿ ಸೀಟಿಗಿಂತ ವಾಸಿ.

ನಮ್ಮ ಕಾರಿಗೆ ಮಕ್ಕಳ ಸುರಕ್ಷತೆಯಲ್ಲಿ 5 ಸ್ಟಾರ್ ಬಂದಿದೆ. ಆದರೂ ಬೇಕಾ? (ಬೆಳಗಾವಿ)

ಆ ಸ್ಟಾರ್ ಬಂದದ್ದೇ ಸೀಟು ಹಾಕಿ! 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಅನ್ನುವ ಕಾರು ಸುರಕ್ಷತೆಯ ಪರೀಕ್ಷೆಯಲ್ಲಿ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನ ಗೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕಟ್ಟಿ, ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸುತ್ತಾರೆ. ಸೀಟು ಇಲ್ಲದ ಮಗುವಿಗೆ ಆ ಸ್ಟಾರ್ ಅನ್ವಯಿಸುವುದಿಲ್ಲ.

ಬೆಂಗಳೂರಿಂದ ಶಿರಾಡಿ ಘಾಟಿ ಮೇಲೆ ಮಂಗಳೂರಿಗೆ ಹೋಗಬೇಕು, ಮಗುವಿಗೆ ಎರಡು ತಿಂಗಳು. ಅಷ್ಟು ಹೊತ್ತು ಸೀಟಿನಲ್ಲಿ ಮಲಗಿಸಬಹುದಾ? (ಬೆಂಗಳೂರು)

ಒಂದೇ ಸಮನೆ ಬೇಡ. ಎಳೆಗೂಸಿನ ಕುತ್ತಿಗೆಗೆ ಬಲ ಇರುವುದಿಲ್ಲ, ಸೀಟು ಜಾಸ್ತಿ ನೆಟ್ಟಗಿದ್ದರೆ ಗದ್ದ ಎದೆಗೆ ಬಿದ್ದು ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಅದಕ್ಕೇ ಸೀಟು ಒರಗಿರಬೇಕು, ಸುಮಾರು 45 ಡಿಗ್ರಿ. ಸೀಟಿನ ಪಕ್ಕದಲ್ಲೇ ಗೆರೆ ಅಥವಾ ಗುಳ್ಳೆಯ ಮಟ್ಟ ಇದ್ದರೆ ನೋಡಿಕೊಳ್ಳಿ. ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೋಡಬೇಕು, ಘಾಟಿ ಇಳಿಜಾರಲ್ಲಲ್ಲ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಮಗುವನ್ನು ಹೊರತೆಗೆದು ಹಾಲು ಕೊಡಿ, ಬೆನ್ನು ಚಾಚಿಸಿ. ಓಡುವ ಕಾರಿನಲ್ಲಿ ಹಾಲು ಕುಡಿಸಲು "ಐದೇ ನಿಮಿಷ" ಅಂತ ಬಿಚ್ಚಬೇಡಿ. ಊರು ಮುಟ್ಟಿದ ಮೇಲೆ ನಿದ್ದೆ ಕೆಡುತ್ತದೆ ಅಂತ ಸೀಟಿನಲ್ಲೇ ಬಿಡಬೇಡಿ, ಚಾಪೆಯ ಮೇಲೆ ಬೆನ್ನಡಿ ಮಾಡಿ ಮಲಗಿಸಿ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ.

ಪೊಲೀಸರು ಇದಕ್ಕೆ ದಂಡ ಹಾಕುತ್ತಾರಾ? (ಚಿತ್ರದುರ್ಗ)

ಕಾನೂನಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮು, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಓಡಿಸಿದರೆ 1,000 ರೂಪಾಯಿ ದಂಡ ಅನ್ನುತ್ತದೆ. ನನ್ನನ್ನು ಯಾರೂ ಇದುವರೆಗೆ ನಿಲ್ಲಿಸಿ ಕೇಳಿಲ್ಲ, ನಿಮ್ಮನ್ನೂ ಕೇಳಿರಲಿಕ್ಕಿಲ್ಲ.

ಮೊಮ್ಮಗುವಿನ ಪಕ್ಕ ಹಿಂದೆ ಕೂರುವುದು ನಾನು. ಹಿಂದೆ ಕೂತವರಿಗೂ ಬೆಲ್ಟ್ ಬೇಕೇ? ನನಗೆ ಉಸಿರು ಕಟ್ಟಿದ ಹಾಗಾಗುತ್ತದೆ. (ಒಬ್ಬ ತಾತ, ಶಿವಮೊಗ್ಗ)

ನಿಮ್ಮ ತೂಕ 65 ಕೆಜಿ ಅಂದುಕೊಳ್ಳುತ್ತೇನೆ. ಮೇಲಿನ ಲೆಕ್ಕದಂತೆ ಇಪ್ಪತ್ತರಿಂದ ಗುಣಿಸಿ: 1,300 ಕೆಜಿ. ಒಂದು ಕಾರಿನಷ್ಟು ಭಾರ. ಪಕ್ಕದಿಂದ ಡಿಕ್ಕಿಯಾದರೆ, ಗಾಡಿ ಮಗುಚಿದರೆ, ಬೆಲ್ಟ್ ಇಲ್ಲದ ತಾತ ಹಾರಿ ಬೀಳುವುದು ಮೊಮ್ಮಗುವಿನ ಮೇಲೆ. ಅಷ್ಟು ಕಷ್ಟಪಟ್ಟು ಸೀಟು ಬಿಗಿದದ್ದು ಆಮೇಲೆ ಯಾವ ಲೆಕ್ಕಕ್ಕೆ? ಬೆಲ್ಟಿನ ಮೇಲಿನ ಪಟ್ಟಿ ಕುತ್ತಿಗೆಗೆ ಉಜ್ಜುತ್ತಿರಬೇಕು, ಅದಕ್ಕೇ ಉಸಿರು ಕಟ್ಟಿದಂತೆ ಅನ್ನಿಸುತ್ತದೆ. ಒಂದು ತೆಳು ದಿಂಬಿನ ಮೇಲೆ ಕೂತು ನೋಡಿ, ಪಟ್ಟಿ ಹೆಗಲ ನಡುವಿಗೆ ಬರುತ್ತದೆ.

ಇನ್ನೊಂದು. ಶಿವಮೊಗ್ಗದವರು ಎಲ್ಲಿಗೆ ಹೊರಟರೂ ಬುತ್ತಿ ಕಟ್ಟದೆ ಹೊರಡುವವರಲ್ಲ. ಆ ಸ್ಟೀಲ್ ಕ್ಯಾರಿಯರ್, ನೀರಿನ ಫ್ಲಾಸ್ಕ್, ಹಿಂದಿನ ಗಾಜಿನ ಹತ್ತಿರ ಇಟ್ಟ ಎಳನೀರು, ಇವೆಲ್ಲ ಡಿಕ್ಕಿಯಾದಾಗ ಹಾರುವ ಸಾಮಾನು. ಎಲ್ಲವನ್ನೂ ಗಾಡಿಯ ಡಿಕ್ಕಿಯೊಳಗೆ ಹಾಕಿ ಮುಚ್ಚಿ. ಮಗುವಿನ ಹತ್ತಿರ ಬಟ್ಟೆಯ ಗೊಂಬೆ ಒಂದು ಸಾಕು.